ಸರಾಸರಿಯ ಬೆಳಕಿನಲ್ಲಿ ಕಾಣದ ಮುಖ

2009ರಲ್ಲಿ ಮಗಳು ತನ್ನ ಮೊದಲ ಸಂಬಳದಲ್ಲಿ ನನಗೊಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಳು. ಅದರ ನೆತ್ತಿಯ ಮೇಲೊಂದು ತಿರುಗುವ ಗುಂಡಿ. ಗುಂಡಿಯ ಸುತ್ತ ಏನೇನೋ ಅಕ್ಷರಗಳು, ಜೊತೆಗೆ ಹಸಿರು ಬಣ್ಣದಲ್ಲಿ 'ಆಟೊ' ಎಂಬ ಗುರುತು. ಅಂದು ಹಸಿರು ಗುರುತಿಗೆ ತಿರುಗಿಸಿದ ಗುಂಡಿಯನ್ನು ನಾನು ಮತ್ತೆ ಅಲುಗಿಸಲೇ ಇಲ್ಲ. ಸರ್ಕಾರಿ ಸೇವೆಯಲ್ಲಿ ಸವೆದವನಿಗೆ ಇದು ಅಸಹಜವೇನಲ್ಲ. ಹಿಂದಿನ ಕಡತದಲ್ಲಿ ಹೇಗಿತ್ತೋ ಹಾಗೆಯೇ ಮುಂದುವರಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿರುತ್ತದೆ.

ನಿವೃತ್ತಿಯ ನಂತರ ಒಂದು ದಿನ ಬೀರು ಶುಚಿಗೊಳಿಸುವಾಗ ಆ ಕ್ಯಾಮೆರಾದ ಜೊತೆ ಅದರ ಕೈಪಿಡಿಯೂ ಸಿಕ್ಕಿತು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಕುಳಿತು ಓದಿದೆ. ನಾನು ಬಳಸುತ್ತಿದ್ದುದು ಆ ಯಂತ್ರದ ಸಾಮರ್ಥ್ಯದ ಅತ್ಯಲ್ಪ ಭಾಗ ಮಾತ್ರ ಎಂಬುದು ಅರಿವಾದಾಗ ಸಂಕೋಚವಾಯಿತು.

ಫಿಲಂ ಕಾಲದಲ್ಲಿ ಹಿಂಜರಿಕೆಗೆ ಕಾರಣವಿತ್ತು. ಒಂದು ರೋಲಿಗೆ 36 ಚಿತ್ರ. ತೊಳೆಸುವುದಕ್ಕೂ ಮುದ್ರಿಸುವುದಕ್ಕೂ ಖರ್ಚು. 1975ರಲ್ಲಿ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೂಪಿಸಿದ ಡಿಜಿಟಲ್ ಕ್ಯಾಮೆರಾ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಂದು ಅಷ್ಟೇ ಹೊತ್ತಿನಲ್ಲಿ ಹತ್ತಾರು ಚಿತ್ರ ತೆಗೆಯಬಹುದು. ಇನ್ನೊಂದು ಚಿತ್ರದ ಸೀಮಾಂತ ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಆದರೂ ನಾವು ಚಿತ್ರಗಳನ್ನು ಹೆಚ್ಚಿಸಿಕೊಂಡೆವೇ ಹೊರತು ಪ್ರಯೋಗಗಳನ್ನಲ್ಲ. ಖರ್ಚಿಗಿಂತ ರೂಢಿಯೇ ದೊಡ್ಡ ಅಡ್ಡಿ ಎಂದಾಯಿತು.

ನನ್ನ ಮೊದಲ ಪ್ರಯೋಗ ನಡೆದದ್ದು ತಾರಸಿಯ ಮೇಲೆ. ತಂತಿಯ ಮೇಲೆ ಒಣಹಾಕಿದ್ದ ಬಿಳಿ ಪಂಚೆ ಚೌಕಟ್ಟಿನ ತುಂಬ ಬರುವಂತೆ ಒಂದು ಚಿತ್ರ ತೆಗೆದೆ. ಬಳಿಕ ಬಿಚ್ಚಿಟ್ಟ ಕರಿಕೊಡೆಯದು ಇನ್ನೊಂದು. ಪಂಚೆ ಬೂದುಬಣ್ಣವಾಗಿತ್ತು. ಸೋಜಿಗವೆಂದರೆ ಕೊಡೆಯೂ ಬೂದು! ಕ್ಯಾಮೆರಾದ ಬೆಳಕುಮಾಪಕಕ್ಕೆ ಎದುರಿಗಿರುವುದು ಪಂಚೆಯೋ ಕೊಡೆಯೋ ತಿಳಿಯದು. ಲೋಕವೆಲ್ಲ ಸರಾಸರಿಯಲ್ಲಿ ನಡುಬೂದು ಎಂದು ಅದು ಭಾವಿಸುತ್ತದೆ. ಅತಿ ಬಿಳುಪನ್ನು ತಗ್ಗಿಸಿ, ಅತಿ ಕಪ್ಪನ್ನು ಎತ್ತಿ, ಎರಡನ್ನೂ ನಡುವಿಗೆ ತಂದು ನಿಲ್ಲಿಸುತ್ತದೆ.

ಇದನ್ನು ತಿದ್ದಲೆಂದೇ ಕೂಡು-ಕಳೆ ಚಿಹ್ನೆಯ ಒಂದು ಗುಂಡಿಯಿದೆ. 'ಎಕ್ಸ್‌ಪೋಷರ್ ಕಾಂಪೆನ್ಸೇಷನ್' ಎಂದು ಅದರ ಹೆಸರು. +1 ಎಂದರೆ ಬೆಳಕು ಇಮ್ಮಡಿ, -1 ಎಂದರೆ ಅರ್ಧ. ಕೂಡುವತ್ತ ಸರಿಸಿದೊಡನೆ ಪಂಚೆ ಬೆಳ್ಳಗಾಯಿತು. ಕಳೆಯುವತ್ತ ಸರಿಸಿದಾಗ ಕೊಡೆ ಕಪ್ಪಾಯಿತು. ಆಡಳಿತದ ಭಾಷೆಯಲ್ಲಿ ಹೇಳುವುದಾದರೆ ಇದು ಛಾಯಾಗ್ರಾಹಕನ ವಿವೇಚನಾಧಿಕಾರ.

ಆ ಕ್ಷಣ ನೆನಪಾದದ್ದು ಅಮ್ಮನ ಚಿತ್ರ. 2010ರ ಬೇಸಿಗೆಯಲ್ಲಿ ಊರಿನ ಮನೆಯಲ್ಲಿ ತೆಗೆದದ್ದು. ಅಮ್ಮ ಬಾಗಿಲ ಒಳಮಗ್ಗುಲಲ್ಲಿ ಕುಳಿತಿದ್ದಾಳೆ, ಬೆನ್ನ ಹಿಂದೆ ಬಿಸಿಲು ತುಂಬಿದ ಅಂಗಳ. ಚಿತ್ರದಲ್ಲಿ ಅಂಗಳವಿದೆ, ತುಳಸಿಕಟ್ಟೆಯಿದೆ; ಅಮ್ಮನ ಮುಖ ಮಾತ್ರ ಕಪ್ಪು ನೆರಳು. 2013ರಲ್ಲಿ ಆಕೆ ತೀರಿಕೊಂಡ ಮೇಲೆ ಅದನ್ನು ಸ್ಟುಡಿಯೊಗೆ ಒಯ್ದು ಬೆಳಗಿಸಲು ಕೇಳಿದೆ. ಮುಖದ ಜಾಗದಲ್ಲಿ ಚುಕ್ಕೆಗಳೆದ್ದವು, ಅಮ್ಮ ಬರಲಿಲ್ಲ. 'ಬೆಳಕು ಸರಿಯಿರಲಿಲ್ಲ' ಎಂದು ಸಮಾಧಾನ ಹೇಳಿಕೊಂಡಿದ್ದೆ. ಬೆಳಕು ಸರಿಯಾಗಿಯೇ ಇತ್ತು. ತಿದ್ದುವ ಗುಂಡಿ ನನ್ನ ಹೆಬ್ಬೆರಳಿನ ಕೆಳಗೇ ಇತ್ತು.

ಅದರೊಂದಿಗೆ ಹಳೆಯ ಕಡತವೊಂದೂ ನೆನಪಾಯಿತು. ಸೇವೆಯ ಮೊದಲ ವರ್ಷಗಳಲ್ಲಿ ಬರ ಪರಿಸ್ಥಿತಿಯ ವರದಿಯೊಂದಕ್ಕೆ 'ತಾಲ್ಲೂಕಿನ ಸರಾಸರಿ ಮಳೆ ವಾಡಿಕೆಗೆ ಸಮೀಪ' ಎಂದು ಟಿಪ್ಪಣಿ ಬರೆದವನು ನಾನೇ. ಒಂದು ಹೋಬಳಿಯಲ್ಲಿ ಕೆರೆ ಕೋಡಿ ಬಿದ್ದಿತ್ತು, ಇನ್ನೊಂದರಲ್ಲಿ ತಳ ಬಿರಿದಿತ್ತು. ಎರಡನ್ನೂ ಕೂಡಿಸಿ ಭಾಗಿಸಿದಾಗ ಬರ ಮಾಯವಾಯಿತು. ಹಿರಿಯ ರೈತರೊಬ್ಬರು ಕಚೇರಿಗೆ ಬಂದು, 'ಸ್ವಾಮಿ, ಆ ಕಡೆ ಬಿದ್ದ ಮಳೆ ನಮ್ಮ ಕೆರೆಗೆ ಬರೋದಿಲ್ಲ' ಎಂದಿದ್ದರು. ವಿಶೇಷ ಪ್ರಕರಣವೆಂದು ಶಿಫಾರಸು ಮಾಡುವ ಅವಕಾಶ ನನಗಿತ್ತು, ಮಾಡಲಿಲ್ಲ. ಮುಂದೆ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳು ಬಂದವು. ಕ್ಯಾಮೆರಾದಲ್ಲಿ ಇಡೀ ದೃಶ್ಯವನ್ನು ಬಿಟ್ಟು ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನೇ ಅಳೆಯುವ 'ಸ್ಪಾಟ್ ಮೀಟರಿಂಗ್' ಕೂಡ ಇಂಥದ್ದೇ ಏರ್ಪಾಡು. ಸರಾಸರಿ ಸುಳ್ಳಲ್ಲ. ಆದರೆ ಅಂಚಿನಲ್ಲಿರುವವರ ಪಾಲಿಗೆ ಅದು ನಿಜವೂ ಅಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅದೇ ಬಾಗಿಲಲ್ಲಿ, ಅದೇ ಹೊತ್ತಿಗೆ ನನ್ನ ಅಕ್ಕನನ್ನು ಕೂರಿಸಿದೆ. ಅಕ್ಕನದು ಅಮ್ಮನದೇ ಮುಖಚಹರೆ. ಗುಂಡಿಯನ್ನು +2ಕ್ಕೆ ಸರಿಸಿ ಕ್ಲಿಕ್ಕಿಸಿದೆ. ಹಣೆಯ ಗೆರೆಗಳು, ಮೂಗುತಿ, ಅರೆನಗು ಎಲ್ಲವೂ ಮೂಡಿದವು. ಅಂಗಳ ಮಾತ್ರ ಬೆಳ್ಳಗೆ ಕರಗಿಹೋಯಿತು.

ಅಕ್ಕ ಪರದೆ ನೋಡಿ, 'ಇದೇನೋ, ತುಳಸಿಕಟ್ಟೆಯೇ ಕಾಣೋದಿಲ್ಲವಲ್ಲ!' ಎಂದಳು.

'ನೀನು ಕಾಣ್ತೀಯಲ್ಲ ಅಕ್ಕ, ಸಾಕು' ಎಂದೆ.

ಮುಖ ಬೇಕಾದರೆ ಅಂಗಳವನ್ನು ಬಿಟ್ಟುಕೊಡಬೇಕು. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತೇವೆ. ಎರಡರಲ್ಲಿ ಯಾವುದು ಮುಖ್ಯ ಎಂಬುದನ್ನು ಬೆಳಕುಮಾಪಕ ಹೇಳಲಾರದು, ಹೇಳಬೇಕಾದವರು ನಾವು.

ಈಗ ಕ್ಯಾಮೆರಾ ಎಲ್ಲರ ಜೇಬಿನ ಮೊಬೈಲಿನಲ್ಲೇ ಇದೆ. ಅನೇಕ ಮೊಬೈಲುಗಳಲ್ಲಿ ಪರದೆಯ ಮೇಲಿನ ಮುಖವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಚಿಹ್ನೆಯನ್ನು ಸರಿಸಿದರೆ ಇದೇ ಕೆಲಸವಾಗುತ್ತದೆ. ಖರ್ಚಿಲ್ಲ, ಕೆಟ್ಟರೆ ಅಳಿಸಬಹುದು. ಪ್ರಯೋಗವನ್ನು ಮನೆಯ ಹಿರಿಯರಿಂದಲೇ ಆರಂಭಿಸಿ. ನನ್ನ ಕೈಯಲ್ಲಿ ಆ ಗುಂಡಿ ನಾಲ್ಕು ವರ್ಷ ಇತ್ತು. ಅದು ಏಕಿದೆ ಎಂದು ತಿಳಿಯುವ ಹೊತ್ತಿಗೆ ಅಮ್ಮ ಇರಲಿಲ್ಲ.