ಬಯಲುಸೀಮೆಯ ಬಂಡೆ ಹಾದಿಗೆ ಎಂತಹ ಸೈಕಲ್?

ನಮ್ಮ ವರದಿಗಾರರಿಂದ

ಮಧುಗಿರಿ: ಗುಡ್ಡಗಾಡಿನ ಕಾಲುದಾರಿಗಳಲ್ಲಿ ಸೈಕಲ್ ಓಡಿಸುವ ಹವ್ಯಾಸ ನಗರವಾಸಿಗಳಲ್ಲಿ ಹೆಚ್ಚುತ್ತಿದೆ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಮಧುಗಿರಿ, ಅದರ ನೆರೆಯ ಕೊರಟಗೆರೆ, ಹೆದ್ದಾರಿ ಬದಿಯ ಶಿರಾ ಹಾಗೂ ಆಂಧ್ರದ ಗಡಿಗೆ ಚಾಚಿಕೊಂಡಿರುವ ಪಾವಗಡ ತಾಲ್ಲೂಕುಗಳು ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಹ ನೆಲ. ಬೆಟ್ಟದ ತಪ್ಪಲಿನ ಕುರಿ ಜಾಡು, ಹೊಲಗಳ ನಡುವಿನ ಬಂಡಿ ದಾರಿ, ಕೆರೆ ಏರಿ, ಗರಸು ಮಣ್ಣಿನ ಇಳಿಜಾರು ಎಲ್ಲವೂ ಇಲ್ಲಿ ಒಂದೇ ದಿನದ ಸವಾರಿಯಲ್ಲಿ ಸಿಗುತ್ತವೆ.

ಆದರೆ ಅಂಗಡಿಯಲ್ಲಿ ಚೆಂದ ಕಂಡ ಸೈಕಲ್ ಈ ನೆಲದಲ್ಲಿ ಅರ್ಧ ದಿನವೂ ಬಾಳದೆ ಹೋಗಬಹುದು. ಮುಳ್ಳು, ಬಂಡೆ, ಮರಳು, ಬಿಸಿಲು ಇವು ನಾಲ್ಕೂ ಸೈಕಲ್ಲಿನ ಬೇರೆ ಬೇರೆ ಭಾಗಗಳನ್ನು ಪರೀಕ್ಷಿಸುತ್ತವೆ. ಯಾವ ಭಾಗಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬೇಕಿಲ್ಲ ಎಂಬುದನ್ನು ತಿಳಿದು ಹೊರಟರೆ ಜೇಬಿಗೂ ಒಳ್ಳೆಯದು, ಮೈಕೈಗೂ ಕ್ಷೇಮ.

ಬ್ರೇಕಿನಿಂದ ಹುಟ್ಟಿದ ಹೆಸರು

ಬೆಟ್ಟದ ಸೈಕಲ್ಲಿನ ತವರು ಅಮೆರಿಕದ ಕ್ಯಾಲಿಫೋರ್ನಿಯಾ. 1970ರ ದಶಕದಲ್ಲಿ ಅಲ್ಲಿನ ಮರಿನ್ ಕೌಂಟಿಯ ಯುವಕರು ದಪ್ಪ ಟಯರಿನ ಹಳೆಯ ಸೈಕಲ್‌ಗಳನ್ನು ಬೆಟ್ಟದ ಮೇಲಕ್ಕೆ ಒಯ್ದು ಮಣ್ಣಿನ ಹಾದಿಯಲ್ಲಿ ಕೆಳಕ್ಕೆ ಓಡಿಸತೊಡಗಿದರು. 1976ರಲ್ಲಿ ಅಲ್ಲಿ ಆರಂಭವಾದ ಸ್ಪರ್ಧೆಯೊಂದಕ್ಕೆ ‘ರಿಪ್ಯಾಕ್’ ಎಂದು ಹೆಸರು. ಒಂದೇ ಇಳಿತಕ್ಕೆ ಹಿಂಬದಿ ಹಬ್ಬಿನೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದ ಈ ಹೆಸರು ಬಂತು. ಗ್ಯಾರಿ ಫಿಶರ್, ಜೋ ಬ್ರೀಜ್, ಟಾಮ್ ರಿಚಿ ಮೊದಲಾದವರು ಅಲ್ಲಿಂದಲೇ ಹೊಸ ಬಗೆಯ ಸೈಕಲ್ ರೂಪಿಸಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು.

ಬೆಟ್ಟ ಏರುವುದಕ್ಕೆ ಕಾಲಿನ ಬಲ ಬೇಕು, ಇಳಿಯುವುದಕ್ಕೆ ಸೈಕಲ್ಲಿನ ಗುಣ ಬೇಕು ಎಂಬುದು ಈ ಇತಿಹಾಸದ ಪಾಠ. ಬಿಡಿಭಾಗ ಆರಿಸುವಾಗ ಇದನ್ನು ಮರೆಯುವಂತಿಲ್ಲ.

ನೆಲದ ಗುಣ ಮೊದಲು

ರಾಮನಗರದ ಹಳೆಯ ಹೆಸರನ್ನೇ ಹೊತ್ತ ‘ಕ್ಲೋಸ್‌ಪೇಟ್ ಗ್ರಾನೈಟ್’ ಶಿಲಾಪಟ್ಟಿ ಉತ್ತರಕ್ಕೆ ಸಾಗಿ ಪಾವಗಡದ ಸೀಮೆಯನ್ನೂ ಹಾದುಹೋಗುತ್ತದೆ. ಒಣಗಿದ ಗ್ರಾನೈಟ್ ಬಂಡೆಯ ಮೇಲೆ ಟಯರ್ ಚೆನ್ನಾಗಿಯೇ ಕಚ್ಚುತ್ತದೆ. ಅಪಾಯ ಇರುವುದು ಬಂಡೆಯ ಮೇಲೆ ಹರಡಿದ ಹರಳು ಮರಳಿನಲ್ಲಿ. ಕಲ್ಲು ಸವೆದು ಉದುರಿದ ಈ ಹರಳುಗಳು ಚಕ್ರದಡಿ ಗೋಲಿಯಂತೆ ಉರುಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಸವಾರ ಸಾವರಿಸಿಕೊಳ್ಳುವುದು ಕಷ್ಟ.

ಕೊರಟಗೆರೆ ಮತ್ತು ಮಧುಗಿರಿ ಭಾಗದಲ್ಲಿ ಜಯಮಂಗಲಿ ನದಿಯ ಪಾತ್ರ ದಾಟುವಾಗ ಮೆತ್ತನೆಯ ಮರಳು ಎದುರಾಗುತ್ತದೆ. ಶಿರಾ, ಪಾವಗಡಗಳ ಬಯಲಿನಲ್ಲಿ ಬಳ್ಳಾರಿ ಜಾಲಿಯ ಉದ್ದ ಮುಳ್ಳು ಮತ್ತು ನೆಲಕ್ಕಂಟಿ ಹಬ್ಬುವ ನೆಗ್ಗಿಲು ಕಾದಿರುತ್ತವೆ. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಜಗತ್ತಿನ ಒಣನಾಡುಗಳಲ್ಲೆಲ್ಲ ಸೈಕಲ್ ಸವಾರರಿಗೆ ಇದೇ ದೊಡ್ಡ ಶತ್ರು.

ಟಯರ್: ಮೊದಲ ಖರ್ಚು ಇಲ್ಲಿಗೆ

ಈ ನೆಲಕ್ಕೆ 2.2ರಿಂದ 2.4 ಇಂಚು ಅಗಲದ, ಪಕ್ಕದ ಗುಬುಟುಗಳು ಗಟ್ಟಿಯಾಗಿರುವ ಟಯರ್ ಸೂಕ್ತ. ಎರಡೂ ಚಕ್ರಕ್ಕೆ ಒಂದೇ ಬಗೆಯದು ಇರಬೇಕೆಂದಿಲ್ಲ. ಮುಂದಕ್ಕೆ ಆಳ ಗುಬುಟಿನದು, ಹಿಂದಕ್ಕೆ ಸ್ವಲ್ಪ ನಯವಾಗಿ ಉರುಳುವಂತಹುದು ಹಾಕಿದರೆ ಹಿಡಿತವೂ ಸಿಗುತ್ತದೆ, ಶ್ರಮವೂ ಉಳಿಯುತ್ತದೆ. ಬಂಡೆಯ ಅಂಚು ತಾಗಿ ಟಯರಿನ ಮಗ್ಗುಲು ಸೀಳುವುದು ಇಲ್ಲಿ ಅಪರೂಪವೇನಲ್ಲ. ಆದ್ದರಿಂದ ತೂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ತೆಳು ಮಗ್ಗುಲಿನ ಟಯರ್ ಕೊಳ್ಳಬಾರದು.

ಟ್ಯೂಬ್ ಇಲ್ಲದ ಟಯರ್ ವ್ಯವಸ್ಥೆಯ ನಿಜವಾದ ಬೆಲೆ ತಿಳಿಯುವುದು ಜಾಲಿ ಮುಳ್ಳಿನ ಸೀಮೆಯಲ್ಲಿ. ಟಯರಿನೊಳಗೆ ಸುರಿದ ಸೀಲೆಂಟ್ ದ್ರವವು ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುತ್ತದೆ. ಬೆಟ್ಟದ ಸೈಕಲ್ಲಿನ ಒಂದು ಟಯರಿಗೆ ಸುಮಾರು 80ರಿಂದ 100 ಮಿಲಿಲೀಟರ್ ಬೇಕು. ಬಯಲುಸೀಮೆಯ ಬಿಸಿಲಿಗೆ ಈ ದ್ರವ ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬುವುದು ಲೇಸು. ಮುಳ್ಳು ಚುಚ್ಚಿದ ಕೂಡಲೇ ಕೀಳದೆ, ಕಿತ್ತ ಮೇಲೆ ಆ ಭಾಗ ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿದರೆ ತೂತು ಬೇಗ ಮುಚ್ಚುತ್ತದೆ. ರಿಮ್ ಇದಕ್ಕೆ ಒಗ್ಗುವಂತಹುದೇ ಎಂದು ಕೊಳ್ಳುವ ಮೊದಲೇ ಕೇಳಬೇಕು.

ಗಾಳಿಯ ಒತ್ತಡದ ವಿಷಯದಲ್ಲಿ ಎಡವುವವರೇ ಹೆಚ್ಚು. ಟಯರಿನ ಮಗ್ಗುಲಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ಎಪ್ಪತ್ತು ಕಿಲೋ ತೂಕದ ಸವಾರನಿಗೆ ಟ್ಯೂಬ್ ಇದ್ದರೆ ಮುಂದಕ್ಕೆ 28, ಹಿಂದಕ್ಕೆ 31 ಪಿಎಸ್‌ಐ. ಟ್ಯೂಬ್ ಇಲ್ಲದಿದ್ದರೆ ಕ್ರಮವಾಗಿ 23 ಮತ್ತು 26 ಪಿಎಸ್‌ಐ ಆರಂಭಕ್ಕೆ ಸರಿಯಾದ ಅಳತೆ. ಅಲ್ಲಿಂದ ಒಂದೊಂದೇ ಅಂಕಿ ಏರಿಳಿಸಿ ನೋಡಬೇಕು. ರಿಮ್ ಕಲ್ಲಿಗೆ ಬಡಿಯುತ್ತಿದ್ದರೆ ಗಾಳಿ ಕಡಿಮೆಯಾಗಿದೆ; ಹರಳಿನ ಮೇಲೆ ಚಕ್ರ ಪುಟಿದು ಜಾರುತ್ತಿದ್ದರೆ ಹೆಚ್ಚಾಗಿದೆ ಎಂದರ್ಥ.

ಬ್ರೇಕ್: ರಾಜಿ ಬೇಡ

ಡಿಸ್ಕ್ ಬ್ರೇಕಿನಲ್ಲಿ ತಂತಿ ಎಳೆಯುವುದು ಒಂದು ಬಗೆ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಇನ್ನೊಂದು ಬಗೆ. ತಂತಿಯದು ಅಗ್ಗ, ರಿಪೇರಿ ಸುಲಭ. ಆದರೆ ಉದ್ದನೆಯ ಇಳಿಜಾರಿನಲ್ಲಿ ಬೆರಳು ಸೋತು ಹೋಗುತ್ತದೆ. ಹೈಡ್ರಾಲಿಕ್‌ನಲ್ಲಿ ಒಂದೇ ಬೆರಳಿನಿಂದ ನಾಜೂಕಾಗಿ ವೇಗ ತಗ್ಗಿಸಬಹುದು. ಹರಳು ಮರಳಿನ ಮೇಲೆ ಚಕ್ರ ಕಟ್ಟಿ ನಿಲ್ಲದಂತೆ ಬ್ರೇಕ್ ಹಿಡಿಯಲು ಈ ನಾಜೂಕೇ ಮುಖ್ಯ. ಹಣ ಮಿತವಾಗಿದ್ದರೆ ಚೌಕಟ್ಟಿನ ತೂಕದಲ್ಲಿ ರಾಜಿ ಮಾಡಿಕೊಳ್ಳಬಹುದು, ಬ್ರೇಕಿನಲ್ಲಿ ಬೇಡ.

ಮುಂದಿನ ಚಕ್ರಕ್ಕೆ 180 ಮಿ.ಮೀ., ಹಿಂದಕ್ಕೆ 160 ಮಿ.ಮೀ. ಬಿಲ್ಲೆ ಸಾಕಾಗುತ್ತದೆ. ದೊಡ್ಡ ಬಿಲ್ಲೆ ಬೇಗ ಕಾಯುವುದಿಲ್ಲ, ಕಾದರೂ ಬೇಗ ಆರುತ್ತದೆ. ಆದರೆ ಮುಂದಿನ ಫೋರ್ಕ್ ಎಷ್ಟು ಅಳತೆಯ ಬಿಲ್ಲೆಗೆ ಅನುಮತಿ ನೀಡುತ್ತದೆ ಎಂದು ನೋಡಿಯೇ ಬದಲಿಸಬೇಕು. ಹೊಸ ಪ್ಯಾಡ್ ಹಾಕಿದ ದಿನವೇ ಬೆಟ್ಟಕ್ಕೆ ಹೋಗಬಾರದು. ಸಮತಟ್ಟಾದ ರಸ್ತೆಯಲ್ಲಿ ವೇಗ ಹಿಡಿದು, ನಡಿಗೆಯ ವೇಗಕ್ಕೆ ತಗ್ಗಿಸುವುದನ್ನು ಇಪ್ಪತ್ತು ಬಾರಿ ಮಾಡಿದರೆ ಪ್ಯಾಡ್ ಮತ್ತು ಬಿಲ್ಲೆ ಪರಸ್ಪರ ಹೊಂದಿಕೊಳ್ಳುತ್ತವೆ. ಚೈನಿಗೆ ಬಿಡುವ ಎಣ್ಣೆ ಬಿಲ್ಲೆಯ ಮೇಲೆ ಒಂದು ಹನಿ ಬಿದ್ದರೂ ಹಿಡಿತ ಕೆಡುತ್ತದೆ ಎಂಬುದು ನೆನಪಿರಲಿ.

ಫೋರ್ಕ್ ಎಷ್ಟು ತಗ್ಗಬೇಕು?

ಈ ಭಾಗದ ಹಾದಿಗಳಿಗೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ‘ಹಾರ್ಡ್‌ಟೇಲ್’ ಸೈಕಲ್ ಸಾಕು. 100ರಿಂದ 120 ಮಿ.ಮೀ. ತಗ್ಗುವ ಫೋರ್ಕ್ ಇದ್ದರೆ ಬಂಡಿ ದಾರಿಯೂ ಆದೀತು, ತಪ್ಪಲಿನ ಕಲ್ಲುಹಾದಿಯೂ ಆದೀತು. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಿನಲ್ಲಿ ಕೀಲುಗಳು ಹೆಚ್ಚು. ಧೂಳು ಸೇರಿ ಅವುಗಳ ನಿರ್ವಹಣೆಯ ಖರ್ಚೂ ಏರುತ್ತದೆ. ಅಗ್ಗದ ಸೈಕಲ್‌ಗಳಲ್ಲಿ ತೋರಿಕೆಗೆ ಹಾಕಿರುವ ಹಿಂಬದಿ ಸ್ಪ್ರಿಂಗಿನಿಂದ ತೂಕ ಹೆಚ್ಚುತ್ತದೆಯೇ ಹೊರತು ಉಪಯೋಗ ಅತ್ಯಲ್ಪ.

ಗಾಳಿಯಿಂದ ಕೆಲಸ ಮಾಡುವ ಫೋರ್ಕ್ ಕೊಂಡರೆ ಸವಾರನ ತೂಕಕ್ಕೆ ಸರಿಯಾಗಿ ಹೊಂದಿಸಿಕೊಳ್ಳಬಹುದು. ಸವಾರಿಯ ಉಡುಪು, ನೀರು, ಚೀಲ ಸಮೇತ ಸೈಕಲ್ ಏರಿ ನಿಂತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಐದರಲ್ಲೊಂದು ಭಾಗ ತಗ್ಗಬೇಕು. 120 ಮಿ.ಮೀ. ಫೋರ್ಕ್ ಆದರೆ 24 ಮಿ.ಮೀ. ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಕೆಳಕ್ಕೆ ಸರಿಸಿ, ಮೆಲ್ಲನೆ ಹತ್ತಿ ಇಳಿದರೆ ಎಷ್ಟು ತಗ್ಗಿತೆಂದು ಅಳೆಯಬಹುದು. ಬಳಿಕ ಮರುಪುಟಿತದ ತಿರುಪು ನೋಡಿಕೊಳ್ಳಬೇಕು. ಒತ್ತಿ ಬಿಟ್ಟ ಕೂಡಲೇ ಹ್ಯಾಂಡಲ್ ಕೈಗೆ ಒದ್ದಂತೆ ಮೇಲೆದ್ದರೆ ತಿರುಪು ನಿಧಾನದ ಕಡೆಗಿರಲಿ. ಸರಣಿ ಕಲ್ಲುಗಳ ಮೇಲೆ ಫೋರ್ಕ್ ಮೇಲೇಳದೆ ಕುಸಿಯುತ್ತಲೇ ಹೋದರೆ ವೇಗದ ಕಡೆಗಿರಲಿ.

ಗಿಯರ್ ಲೆಕ್ಕ

ಮುಂದೆ ಮೂರು ಹಲ್ಲುಚಕ್ರ ಇರುವ ಪದ್ಧತಿ ಬೆಟ್ಟದ ಸೈಕಲ್ಲಿನಲ್ಲಿ ಹಿಂದೆ ಸರಿದು, ಒಂದೇ ಚಕ್ರದ ಪದ್ಧತಿ ರೂಢಿಗೆ ಬಂದಿದೆ. ಮುಂದೆ 32 ಹಲ್ಲು, ಹಿಂದೆ 11ರಿಂದ 50 ಹಲ್ಲಿನವರೆಗಿನ ಗುಚ್ಛ ಇದ್ದರೆ ಕಡಿದಾದ ಏರಿನಲ್ಲಿ ಪೆಡಲಿನ ಒಂದು ಸುತ್ತಿಗೆ 29 ಇಂಚಿನ ಚಕ್ರ ಸುಮಾರು ಒಂದೂವರೆ ಮೀಟರ್ ಸಾಗುತ್ತದೆ. ಇಳಿಜಾರಿನ ಗಿಯರಿನಲ್ಲಿ ಅದೇ ಒಂದು ಸುತ್ತಿಗೆ ಆರೂವರೆ ಮೀಟರ್ ಮುಟ್ಟುತ್ತದೆ. ಕೊರಟಗೆರೆಯ ಚನ್ನರಾಯನದುರ್ಗ, ಸಿದ್ದರಬೆಟ್ಟದ ಆಸುಪಾಸಿನ ಏರಿಗೆ ಬೇಕಾದದ್ದು ಈ ಚಿಕ್ಕ ಗಿಯರ್. ಹಿಂದಿನ ಗುಚ್ಛ 42 ಹಲ್ಲಿಗೇ ನಿಲ್ಲುವುದಾದರೆ ಮುಂದಿನದನ್ನು 30ಕ್ಕೆ ಇಳಿಸಿಕೊಂಡರೂ ಆದೀತು.

ಧೂಳಿನ ಕಾಲದಲ್ಲಿ ಗಟ್ಟಿ ಎಣ್ಣೆ ಹಾಕಿದರೆ ಚೈನ್ ಮರಳು ಕಾಗದದಂತಾಗಿ ಹಲ್ಲುಗಳನ್ನೇ ತಿನ್ನುತ್ತದೆ. ಒಣ ಹವೆಗೆಂದೇ ಇರುವ ತೆಳು ಎಣ್ಣೆ ಅಥವಾ ಮೇಣದ ದ್ರವ ಬಿಟ್ಟು, ಹೊರಮೈ ಒರೆಸಿಬಿಡಬೇಕು.

ಅಂಗಡಿ ದೂರ, ಚೀಲ ಹತ್ತಿರ

ತಾಲ್ಲೂಕು ಕೇಂದ್ರಗಳ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಬಹುದು, ಕಡ್ಡಿ ಬಿಗಿಸಿಕೊಳ್ಳಬಹುದು. ಆದರೆ ಹಿಂಬದಿ ಗಿಯರ್ ಬದಲಿಸುವ ಸಾಧನವನ್ನು ಚೌಕಟ್ಟಿಗೆ ಜೋಡಿಸುವ ಹ್ಯಾಂಗರ್ ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರದ್ದು. ಬಂಡೆಗೆ ತಾಗಿದರೆ ಮೊದಲು ಮುರಿಯುವುದು ಇದೇ. ಹೊಸ ಸೈಕಲ್ ಕೊಳ್ಳುವಾಗಲೇ ಒಂದು ಹೆಚ್ಚುವರಿ ಹ್ಯಾಂಗರ್ ಕೊಂಡಿಟ್ಟುಕೊಳ್ಳುವುದು ಜಾಣತನ.

ಗಾಳಿ ತುಂಬುವ ಕಡ್ಡಿಯ ಬಗೆಯೂ ಮುಖ್ಯ. ಬೈಕ್, ಕಾರುಗಳಲ್ಲಿರುವ ಶ್ರೇಡರ್ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ತೆಳುವಾದ ಪ್ರೆಸ್ಟಾ ವಾಲ್ವ್ ಆದರೆ ಚಿಕ್ಕದೊಂದು ಹಿತ್ತಾಳೆಯ ಅಡಾಪ್ಟರ್ ಜೊತೆಗಿರಬೇಕು.

ಪಾವಗಡದ ಬಯಲಿನಲ್ಲಿ ನೆರಳು ಕಡಿಮೆ. ತಿರುಮಣಿ ಸುತ್ತಮುತ್ತ ಸೌರ ವಿದ್ಯುತ್ ಪಾರ್ಕ್ ಎದ್ದಿರುವುದೇ ಅಲ್ಲಿನ ಬಿಸಿಲಿಗೆ ಸಾಕ್ಷಿ. ಅರ್ಧ ದಿನದ ಸವಾರಿಗೂ ಒಬ್ಬರಿಗೆ ಮೂರು ಲೀಟರ್ ನೀರು ಬೇಕು. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಬೆಳಗಿನ ಹೊತ್ತು ಅತ್ಯಂತ ಹಿತಕರ. ಹೆಲ್ಮೆಟ್ ಇಲ್ಲದೆ ಹೊರಡುವ ಮಾತೇ ಇಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಿದ್ದಂತೆ ಕಂಡರೂ ಬದಲಿಸಬೇಕು.

ಎಲ್ಲಿ ಓಡಿಸಬಾರದು?

ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾದ ಮಧುಗಿರಿ ಬೆಟ್ಟವನ್ನು ಸೈಕಲ್ ಹೊತ್ತು ಏರುವ ಸಾಹಸ ಬೇಡ. ಕೋಟೆಯ ಮೆಟ್ಟಿಲು, ಜಾರುಬಂಡೆಗಳು ಕಾಲ್ನಡಿಗೆಗೆ ಮಾತ್ರ. ಸವಾರಿಗೆ ಬೆಟ್ಟದ ಸುತ್ತಲಿನ ಹಳ್ಳಿ ದಾರಿಗಳಿವೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ತಿಮ್ಲಾಪುರದ ಕಾಡು ಕರಡಿಗಳ ನೆಲೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಂತಹ ಕಡೆ ಸೈಕಲ್ ಒಯ್ಯುವುದು ಕಾನೂನಿಗೆ ವಿರುದ್ಧ. ಕರಡಿ, ಚಿರತೆ ಓಡಾಡುವ ಗುಡ್ಡಗಳ ಬದಿಯಲ್ಲಿ ಮುಂಜಾವಿನ ನಸುಗತ್ತಲೆ ಹಾಗೂ ಮುಸ್ಸಂಜೆಯ ಸವಾರಿಯನ್ನು ತಪ್ಪಿಸಬೇಕು. ಹೊಲದ ಬದುವಿನ ಮೇಲೆ ಹೋಗುವುದಾದರೆ ರೈತರನ್ನು ಕೇಳಿ ಹೋಗುವುದು ಮರ್ಯಾದೆ. ಶೇಂಗಾ ಬಿತ್ತಿದ ಹೊಲದಲ್ಲಿ ಚಕ್ರದ ಗೆರೆ ಮೂಡಿದರೆ ಮುಂದಿನ ವಾರ ಬರುವವರಿಗೆ ಆ ದಾರಿ ಮುಚ್ಚಿತೆಂದೇ ಲೆಕ್ಕ.

ಖರ್ಚಿನ ಕ್ರಮ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಾಗೆಂದು ಒಮ್ಮೆಲೇ ಎಲ್ಲವನ್ನೂ ಬದಲಿಸುವ ಅಗತ್ಯವಿಲ್ಲ. ಮೈಗೆ ಸರಿಹೊಂದುವ ಅಳತೆಯ ಚೌಕಟ್ಟು ಮೊದಲು. ಅದು ತಪ್ಪಿದರೆ ಯಾವ ಬಿಡಿಭಾಗವೂ ಸರಿಪಡಿಸಲಾರದು. ನಂತರ ಹೆಲ್ಮೆಟ್, ಟಯರ್, ಬ್ರೇಕ್. ಆಮೇಲೆ ಫೋರ್ಕ್. ಗಿಯರ್ ಸವೆದ ಮೇಲೆ ಬದಲಿಸಿದರೆ ಸಾಕು. ಇಳಿಜಾರಿನಲ್ಲಿ ಸೀಟನ್ನು ಗುಂಡಿ ಒತ್ತಿ ತಗ್ಗಿಸುವ ಡ್ರಾಪರ್ ಪೋಸ್ಟ್ ಕೊನೆಯಲ್ಲಿ ಬರಲಿ. ಅಲ್ಲಿಯವರೆಗೆ ಇಳಿತದ ಮೊದಲು ಸೈಕಲ್ಲಿನಿಂದಿಳಿದು ಸೀಟನ್ನು ನಾಲ್ಕು ಬೆರಳಷ್ಟು ತಗ್ಗಿಸಿಕೊಂಡರೂ ಅದೇ ಲಾಭ ದೊರೆಯುತ್ತದೆ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.