ಐಮರದ ಮೇಲೆ ಕುಳಿತು

ಮನೆಗೆ ಬಂದ ಅತಿಥಿಯನ್ನು ಎಲ್ಲಿ ಕೂರಿಸುವುದು? ಪ್ರಶ್ನೆ ಚಿಕ್ಕದೆಂದು ಕಂಡರೂ ಒಂದು ಮನೆಯ ಸ್ವಭಾವವೆಲ್ಲ ಅದರ ಉತ್ತರದಲ್ಲಿ ಅಡಗಿರುತ್ತದೆ. ಬಾಗಿಲಲ್ಲೇ ನಿಲ್ಲಿಸಿ, ಮಾತನಾಡಿಸಿ ಕಳುಹಿಸುವ ಮನೆಗಳುಂಟು. ಒಳಗೆ ಕರೆದು, ಮೆತ್ತನೆಯ ಸೋಫಾದಲ್ಲಿ ಹುದುಗಿಸಿ, ಮತ್ತೆ ಏಳಲೂ ಆಗದಂತೆ ಮಾಡುವ ಮನೆಗಳುಂಟು. ಇವೆರಡರ ನಡುವೆ, ಹೊರಗೂ ಅಲ್ಲದ ಒಳಗೂ ಅಲ್ಲದ ಒಂದು ತಾಣದಲ್ಲಿ ಕೂರಿಸಿ, ನೀರು ಕೊಟ್ಟು, ಕ್ಷೇಮ ವಿಚಾರಿಸುವ ಮನೆಗಳೂ ಉಂಟು. ಕೊಡಗಿನ ಐನ್‌ಮನೆ ಈ ಮೂರನೆಯ ಬಗೆಯದು. ಆದರೆ ಅದರ ಬೆಲೆಯನ್ನು ನಾನು ಅರಿತುಕೊಂಡದ್ದು ನನ್ನ ಸ್ವಂತ ಮನೆಯನ್ನು ಕೆಡಿಸಿಕೊಂಡ ಮೇಲೆ!

ನಾನು ಬಯಲುಸೀಮೆಯವನು. ಅಧ್ಯಾಪಕನಾಗಿ ಕೊಡಗಿಗೆ ಬಂದವನು ಕೆಲವು ವರ್ಷಗಳ ಹಿಂದೆ ಮಡಿಕೇರಿಯ ಇಳಿಜಾರೊಂದರಲ್ಲಿ ಹಳೆಯ ಹೆಂಚಿನ ಮನೆಯನ್ನು ಕೊಂಡೆ. ಮುಂದೆ ಅಗಲವಾದ ಜಗಲಿ. ಅದರ ಹಿಂದೆ ಇಕ್ಕಟ್ಟಾದ ಹಜಾರ. ಅದರಾಚೆಗೆ ಕತ್ತಲೆಯ ಅಡಿಗೆಮನೆ. “ಊಟದ ಮೇಜು ಹಾಕಲು ಒಳಗೆ ಒಂದಂಗುಲ ಜಾಗವಿಲ್ಲ. ಇಷ್ಟು ದೊಡ್ಡ ಜಗಲಿ ಮಾತ್ರ ಸುಮ್ಮನೆ ಬಿದ್ದಿದೆ ನೋಡಿ” ಎಂದಳು ನನ್ನಾಕೆ. ಮಾತು ನ್ಯಾಯವಾಗಿಯೇ ಇದ್ದಿತು. ಗುತ್ತಿಗೆದಾರರೊಬ್ಬರು ಬಂದು ಜಗಲಿಯ ಮೂರು ಕಡೆಗೂ ಗಾಜು ಹಾಕಿ ಅದನ್ನು ಹಜಾರಕ್ಕೆ ಸೇರಿಸಿಕೊಟ್ಟರು. ಗಾಳಿಕಿಂಡಿ ಬೇಡವೇ ಎಂದು ಅವರೂ ಕೇಳಲಿಲ್ಲ, ಬೇಕೆಂದು ನಾನೂ ಹೇಳಲಿಲ್ಲ.

ಬೇಸಗೆ ಸೊಗಸಾಗಿ ಕಳೆಯಿತು. ಜೂನ್ ಬಂದಿತು. ಮಡಿಕೇರಿಯಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ 3,000 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ತೊಯ್ದ ಕೊಡೆಯನ್ನು ಬಿಡಿಸಿಡಲು ತಾವಿಲ್ಲದಾಯಿತು. ಕೆಸರಿನ ಕಾಲುಗಳು ನೇರವಾಗಿ ಊಟದ ಮೇಜಿನ ಬಳಿಗೇ ಬಂದವು. ಗಾಜಿನ ಒಳಮೈ ಬೆವರಿತು. ಗೋಡೆಗೆ ಬೂಷ್ಟು ಹಿಡಿಯಿತು. ವಿದ್ಯಾರ್ಥಿದೆಸೆಯಿಂದ ಕಾಪಾಡಿಕೊಂಡು ಬಂದಿದ್ದ ನನ್ನ ಪುಸ್ತಕಗಳ ರಟ್ಟುಗಳು ಬೆಳ್ಳಗಾದವು. ಜಗಲಿಯನ್ನು ಒಳಗೆ ತಂದುಕೊಂಡೆವೆಂದು ನಾವು ತಿಳಿದಿದ್ದೆವು; ನಿಜವಾಗಿ ತಂದುಕೊಂಡದ್ದು ಮಳೆಗಾಲವನ್ನು.

ಓಣಿಯಿಂದ ನಡುಮನೆಗೆ

ಆ ವರ್ಷದ ಹುತ್ತರಿಗೆ ಸಹೋದ್ಯೋಗಿ ಮಿತ್ರರೊಬ್ಬರು ತಮ್ಮ ಐನ್‌ಮನೆಗೆ ಬರಬೇಕೆಂದು ಕರೆದರು. ಐನ್‌ಮನೆಯೆಂದರೆ ಒಂದು ಒಕ್ಕದ, ಎಂದರೆ ಒಬ್ಬನೇ ಮೂಲಪುರುಷನಿಂದ ಬಂದ ಮನೆತನದ, ಮೂಲಮನೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಒಕ್ಕದಲ್ಲಿ ಹುಟ್ಟಿದ ಎಲ್ಲರದೂ ಹೌದು. ಕೊಡವರಲ್ಲಿ ಮಾತ್ರವಲ್ಲದೆ ಅರೆಭಾಷೆಯನ್ನಾಡುವ ಗೌಡರಲ್ಲಿಯೂ ಐನ್‌ಮನೆಗಳುಂಟು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಊರೂರು ಸುತ್ತಿ ಈ ಮನೆಗಳ ವಿವರಗಳನ್ನು ಕಲೆಹಾಕಿ, 2014ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಹೊರತಂದರು. ನಡಿಕೇರಿಯಂಡ ಚಿಣ್ಣಪ್ಪನವರ 1924ರ ‘ಪಟ್ಟೋಲೆ ಪಳಮೆ’ಯನ್ನು ಇಂಗ್ಲಿಷಿಗೆ ತಂದವರೂ ಈ ದಂಪತಿಗಳೇ.

ಎರಡೂ ಬದಿಯಲ್ಲಿ ಮಣ್ಣಿನ ದಿಬ್ಬಗಳಿದ್ದ ಓಣಿಯಲ್ಲಿ ನಡೆದು ಹೋದೆವು. ಓಣಿ ತಿರುಗಿದಲ್ಲಿ, ಬತ್ತದ ಗದ್ದೆಗಳನ್ನು ನೋಡುತ್ತ ತುಸು ಎತ್ತರದಲ್ಲಿ ಮನೆ ನಿಂತಿದ್ದಿತು. ಬದಿಯಲ್ಲಿ ಹಿರಿಯರ ಗುಡಿಯಾದ ಕೈಮಡ. ಮೆಟ್ಟಿಲೇರಿದರೆ ಕೈಯಾಲೆ, ಎಂದರೆ ಮುಂಭಾಗದ ತೆರೆದ ಜಗಲಿ. ಮೇಲಕ್ಕೆ ಹೋದಂತೆ ಸಪುರವಾಗುವ ಮರದ ಕಂಬಗಳು. ಕಂಬದಿಂದ ಕಂಬಕ್ಕೆ ಮೋಟುಗೋಡೆ. ಗೋಡೆಯ ಮೇಲೆ ದಪ್ಪನೆಯ ಹಲಗೆ. ಈ ಹಲಗೆಯ ಹೆಸರೇ ಐಮರ. ನಾನು ಕುಳಿತ ಐಮರ ಒಂದು ಮೊಳಕ್ಕೂ ಮಿಕ್ಕ ಅಗಲವಾಗಿದ್ದಿತು. ತಲೆಮಾರುಗಳ ಜನ ಕುಳಿತೆದ್ದು ಅದರ ಮೈ ಕನ್ನಡಿಯಂತಾಗಿದ್ದಿತು. ಕಾಲು ಇಳಿಬಿಟ್ಟೂ ಕೂರಬಹುದು, ಚಕ್ಕಳಮಕ್ಕಳ ಹಾಕಿಯೂ ಕೂರಬಹುದು. ಊಟವಾದ ಮೇಲೆ ಮಲಗಿದರೂ ಯಾರೂ ಏನೆನ್ನುವುದಿಲ್ಲ. ಅಂಥದೊಂದು ಆಸನ ಯಾವ ಅಂಗಡಿಯಲ್ಲಿ ಸಿಕ್ಕೀತು?

ಕೈಯಾಲೆಯಿಂದ ಒಳಗೆ ಹೋದರೆ ‘ನೆಲ್ಲಕ್ಕಿ ನಡುಬಾಡೆ’. ಅದೇ ಮನೆಯ ಹೃದಯ. ಅಲ್ಲಿ ತೂಗಿರುವ ದೀಪವನ್ನು ತೂಕ್‌ಬೊಳಕ್ ಎನ್ನುತ್ತಾರೆ. ನೈಋತ್ಯದ ಮೂಲೆಯಲ್ಲಿ ಗುರುಕಾರೋಣರಿಗೆ ಮೀಸಲಾದ ಕನ್ನಿಕೊಂಬರೆ. ಹುತ್ತರಿಯ ರಾತ್ರಿ ಆ ದೀಪದ ಕೆಳಗೆ ಎಲ್ಲರೂ ಸೇರಿ ನೆರೆ ಕಟ್ಟಿದರು. ಗದ್ದೆಗೆ ಹೋಗಿ, ಕೋವಿಯ ಸದ್ದಿನೊಡನೆ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಕದಿರು ಕೊಯ್ದು ತಂದರು. ದೀಪಕ್ಕೂ ಬಾಗಿಲಿಗೂ ಕಂಬಕ್ಕೂ ಕದಿರು ಕಟ್ಟಿದರು. ಬೆಂಗಳೂರಿನಿಂದ, ಮೈಸೂರಿನಿಂದ, ಸೈನ್ಯದ ಠಾಣೆಗಳಿಂದ ಬಂದವರೆಲ್ಲ ಸೇರಿ ಅರವತ್ತು ಮಂದಿಗೆ ಕಡಿಮೆಯಿರಲಿಲ್ಲ. ಅಷ್ಟು ಜನರನ್ನೂ ಆ ನಡುಮನೆ ಹಿಡಿಸಿತು.

ಹೇಗೆ ಹಿಡಿಸಿತು? ಮರುದಿನ ಬೆಳಿಗ್ಗೆ ನೋಡಿದಾಗ ಗುಟ್ಟು ತಿಳಿಯಿತು. ಆ ನಡುಮನೆಯಲ್ಲಿ ಗೋಡೆಯ ಬದಿಗೆ ಒಂದು ಬೆಂಚನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ನಡುವೆಲ್ಲ ಖಾಲಿ. ಆ ಖಾಲಿಯೇ ಅದರ ಐಶ್ವರ್ಯ.

ಬದಲಾಗುತ್ತ ಬಂದ ಮನೆ

ಹಳೆಯ ಮನೆಯೆಂದರೆ ಎಂದೂ ಬದಲಾಗದ ಮನೆಯೆಂದು ತಿಳಿಯಬಾರದು. ಒಂದು ಕಾಲದಲ್ಲಿ ಈ ಮನೆಗಳಿಗೆ ಹುಲ್ಲಿನ ಹೊದಿಕೆ ಇದ್ದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚು ಘಟ್ಟವನ್ನೇರಿ ಬಂದಿತು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. 1854ರ ಸುಮಾರಿಗೆ ಮಡಿಕೇರಿಯ ಬಳಿ ಯೂರೋಪಿಯನ್ನರ ಕಾಫಿ ತೋಟ ಆರಂಭವಾಯಿತು. ಅದರ ಹಿಂದೆಯೇ ಬಂಗಲೆ ಬಂದಿತು. ಬೆಂಕಿಗೂಡು, ಆರಾಮಕುರ್ಚಿ, ಉದ್ದನೆಯ ಊಟದ ಮೇಜು, ಪಿಂಗಾಣಿಯ ಬೀರು, ಇವೆಲ್ಲ ಕೊಡಗಿನ ಮನೆಗಳಿಗೆ ಕಾಲಿಟ್ಟದ್ದು ಬಂಗಲೆಯ ದಾರಿಯಿಂದ. ತೋಟ ಮಾಡಿದವರು ತೋಟದಲ್ಲಿಯೇ ಮನೆ ಕಟ್ಟಿಕೊಂಡರು. ಮದುವೆಗಳು ಕೊಡವ ಸಮಾಜದ ಕಟ್ಟಡಗಳಿಗೆ ಹೋದವು. ಐನ್‌ಮನೆ ಹಬ್ಬದ ದಿನ ಮಾತ್ರ ಕಣ್ತೆರೆಯುವಂತಾಯಿತು.

ಕಣ್ಮುಚ್ಚಿದ ಮನೆಗೆ ಗೆದ್ದಲು ಹಿಡಿಯಲು ಎಷ್ಟು ದಿನ? ನನ್ನ ಮಿತ್ರರ ಐನ್‌ಮನೆಯಲ್ಲಿಯೂ ಅಡಿಗೆಮನೆಯ ಮೇಲಿನ ತೊಲೆಯೊಂದು ಟೊಳ್ಳಾಗಿದ್ದಿತು. ಹುತ್ತರಿಯ ಮರುದಿನ ಕೈಯಾಲೆಯಲ್ಲಿ ಒಕ್ಕದ ಸಭೆ ಸೇರಿತು. ತಾರಸಿಯ ಹೊಸ ಮನೆ ಕಟ್ಟೋಣವೆಂದರು ಕೆಲವರು. ಪ್ರವಾಸಿಗರಿಗೆ ಹೋಂಸ್ಟೇ ಮಾಡಿದರೆ ರಿಪೇರಿಯ ಹಣ ಹುಟ್ಟುತ್ತದೆಂದರು ಇನ್ನು ಕೆಲವರು. ಒಂದು ಹಲಗೆಯನ್ನೂ ಅಲುಗಿಸಕೂಡದೆಂದರು ಹಿರಿಯರು. ನಾನೂ ಐಮರದ ತುದಿಯಲ್ಲಿ ಕುಳಿತಿದ್ದವನು, ಯಾರೂ ಕೇಳದಿದ್ದರೂ, “ಇಂಥ ಮನೆಯನ್ನು ಹೀಗೆಯೇ ಇಟ್ಟುಕೊಳ್ಳಬೇಕು” ಎಂದು ಬಾಯಿ ಹಾಕಿದೆ.

ಕಾಫಿ ತಂದಿದ್ದ ಮಿತ್ರರ ಅಜ್ಜಿ ತಟ್ಟೆಯನ್ನು ಕೆಳಗಿಟ್ಟರು. “ಮೇಷ್ಟ್ರೇ, ನೀವೆಲ್ಲ ಐಮರದ ಮೇಲೆ ಕೂತು ಮನೆ ಚೆಂದ ಅಂತೀರಿ. ನಾನು ಮದುವೆಯಾಗಿ ಬಂದು ಅರವತ್ತು ವರ್ಷ ಆಯ್ತು. ನಾನು ಈ ಮನೆಯನ್ನ ನೋಡಿದ್ದು ಒಲೆಯ ಮುಂದಿಂದ. ಅಲ್ಲಿಂದ ನೋಡಿದರೆ ಇದು ಬೇರೆ ಮನೆ. ಕೆಡವಬೇಡಿ, ಆದರೆ ಹೀಗೆಯೇ ಇಡಿ ಅಂತಲೂ ಹೇಳಬೇಡಿ.”

ಯಾರೂ ಮಾತನಾಡಲಿಲ್ಲ. ಅಡಿಗೆಮನೆಯನ್ನು ನೋಡಲು ಹತ್ತಾರು ಮಂದಿ ಎದ್ದು ಹೋದೆವು. ಹೊಗೆಯಿಂದ ಕಪ್ಪಾದ ಗೋಡೆಗಳು. ಅಂಗೈಯಗಲದ ಒಂದು ಕಿಂಡಿ. ಮುಂದಿನ ಕೈಯಾಲೆಗೆ ಅಷ್ಟು ಬೆಳಕನ್ನೂ ಗಾಳಿಯನ್ನೂ ಕೊಟ್ಟ ಮನೆ ಹಿಂದಿನ ಒಲೆಗೆ ಅದರ ಹತ್ತರಲ್ಲೊಂದು ಪಾಲನ್ನೂ ಕೊಟ್ಟಿರಲಿಲ್ಲ. ಆ ಮನೆಯನ್ನು ಹೊಗಳಿದವರಲ್ಲಿ ನಾನೇ ಮುಂದಾಗಿದ್ದೆ. ನನಗೆ ನಾಚಿಕೆಯಾಯಿತು.

ಕೊನೆಗೆ ಒಕ್ಕದವರು ಒಪ್ಪಿದ್ದಿಷ್ಟು: ಕೈಯಾಲೆ, ನೆಲ್ಲಕ್ಕಿ ನಡುಬಾಡೆ, ಕನ್ನಿಕೊಂಬರೆ ಇವುಗಳನ್ನು ಮುಟ್ಟುವುದಿಲ್ಲ, ಗೆದ್ದಲು ತಿಂದ ತೊಲೆಯನ್ನು ಬದಲಾಯಿಸುವುದು, ಅಡಿಗೆಮನೆಯ ಹಿಂಗೋಡೆಗೆ ಅಗಲವಾದ ಕಿಟಕಿ, ಒಲೆಯ ಮೇಲೆ ಹೊಗೆಗೂಡು, ಪಕ್ಕದಲ್ಲಿ ಬರಿದಾಗಿ ಬಿದ್ದಿದ್ದ ಬತ್ತದ ಕೋಣೆಯೇ ಊಟದ ಮನೆ. ಎರಡರ ನಡುವಣ ಮಣ್ಣಿನ ಗೋಡೆಗೆ ಮರದ ಅಡ್ಡತೊಲೆ ಕೊಟ್ಟು ದೊಡ್ಡ ಬಾಗಿಲು ಬಿಡಿಸಿದರು. ಮರುವರ್ಷದ ಹುತ್ತರಿಗೆ ಹೋದಾಗ ಅಜ್ಜಿ ನನ್ನನ್ನು ಒಲೆಯ ಬಳಿಗೆ ಕರೆದರು. “ಇಲ್ಲಿ ನಿಂತು ನೋಡಿ” ಎಂದರು. ಊಟದ ಮನೆಯ ಬಾಗಿಲಿನಾಚೆ, ನಡುಮನೆಯಲ್ಲಿ, ತೂಕ್‌ಬೊಳಕ್ ಉರಿಯುತ್ತಿದ್ದಿತು. “ಈಗ ಇಲ್ಲಿಂದಲೂ ದೀಪ ಕಾಣ್ತದೆ.”

ನಮ್ಮ ಮನೆಗಳಿಗೆ ನಾಲ್ಕು ಮಾತು

ವಾಚಕರಲ್ಲಿ ಬಹುಮಂದಿ ಪಟ್ಟಣದ ಚಿಕ್ಕ ಮನೆಗಳಲ್ಲಿರುವವರು. ಐನ್‌ಮನೆಯನ್ನು ಅಲ್ಲಿಗೆ ಹೊತ್ತೊಯ್ಯಲಾಗದು. ಅದರ ವಿವೇಕವನ್ನು ಒಯ್ಯಬಹುದು.

ಮೊದಲನೆಯದು, ಹೊರಗಿಗೂ ಒಳಗಿಗೂ ನಡುವೆ ಒಂದು ತಾಣವಿರಲಿ. ನಾಲ್ಕಡಿಯಾದರೂ ಸಾಕು: ಚಪ್ಪಲಿ ಬಿಡಲು, ಕೊಡೆ ಒರಗಿಸಲು, ಬಂದವರು ಒಂದು ನಿಮಿಷ ಕೂರಲು. ಜಗಲಿಯನ್ನು ಮುಚ್ಚಲೇಬೇಕಾದರೆ ಮಳೆಗಾಳಿ ಹೊಡೆಯುವ ಬದಿಯನ್ನಷ್ಟೇ ಮುಚ್ಚಿ, ಮೇಲೆ ಗಾಳಿಕಿಂಡಿ ಬಿಡಿ. ಎದುರೆದುರಾಗಿ ಎರಡು ಕಿಂಡಿಗಳಿದ್ದರೆ ಮಾತ್ರ ಗಾಳಿ ನಡೆದಾಡುತ್ತದೆ.

ಎರಡನೆಯದು, ಆಸನ ಮನೆಯ ಅಂಗವಾಗಲಿ. ಕಿಟಕಿಯ ಕೆಳಗೆ ಹದಿನೆಂಟು ಅಂಗುಲ ಎತ್ತರದ, ಹದಿನೆಂಟರಿಂದ ಇಪ್ಪತ್ತು ಅಂಗುಲ ಅಗಲದ ಕಟ್ಟೆಯೊಂದನ್ನು ಕಟ್ಟಿಸಿ ಹಲಗೆ ಹಾಸಿದರೆ ನಾಲ್ವರು ಕೂರುತ್ತಾರೆ; ಕಟ್ಟೆಯನ್ನು ಒಳಗೆ ಟೊಳ್ಳಾಗಿ ಬಿಟ್ಟರೆ ಹಾಸಿಗೆ ಹೊದಿಕೆಗಳಿಗೂ ಜಾಗವಾಗುತ್ತದೆ. ಸೋಫಾ ಕೊಳ್ಳುವ ಮೊದಲು ಅದರ ಅಳತೆಯ ಹಳೆಯ ಸೀರೆಯೊಂದನ್ನು ನೆಲದ ಮೇಲೆ ಹಾಸಿ ನೋಡಿ. ನಡೆಯಲು ಉಳಿಯುವುದೆಷ್ಟೆಂದು ತಿಳಿಯುತ್ತದೆ.

ಮೂರನೆಯದು, ಹಜಾರದ ನಡುವನ್ನು ಖಾಲಿ ಬಿಡಿ. ಸಾಮಾನುಗಳು ಗೋಡೆಯ ಬದಿಗಿರಲಿ. ಮಕ್ಕಳು ಆಡುವುದು, ನೆಂಟರು ಬಂದರೆ ಚಾಪೆ ಹಾಸುವುದು ಆ ಖಾಲಿಯಲ್ಲಿಯೇ.

ನಾಲ್ಕನೆಯದು ಊಟದ ಜಾಗ. ಮೇಜಿನ ಬಳಿ ಒಬ್ಬೊಬ್ಬರಿಗೆ ಎರಡಡಿ ಅಗಲ ಬೇಕು; ಕುರ್ಚಿಯನ್ನು ಎಳೆದು ಕೂತವರ ಹಿಂದೆ ಬಡಿಸುವವರು ಓಡಾಡಲು ಮೇಜಿನ ಅಂಚಿನಿಂದ ಗೋಡೆಗೆ ಮೂರಡಿಯಾದರೂ ಬೇಕು. ಅಷ್ಟಿಲ್ಲದಿದ್ದರೆ ಗೋಡೆಗೆ ಮಡಚುವ ಮೇಜು ಲೇಸು. ದೀಪವನ್ನು ಮೇಜಿನ ಮೇಲೆ ಎರಡೂವರೆ ಅಡಿ ಎತ್ತರದಲ್ಲಿ ತೂಗಿಬಿಟ್ಟರೆ ಬೆಳಕು ಎಲೆಯ ಮೇಲೆ ಬೀಳುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಅಡಿಗೆಮನೆಗೂ ಊಟದ ಮನೆಗೂ ನಡುವೆ ಗೋಡೆ ಒಡೆಯುವುದಾದರೆ, ಅದು ಸೂರಿನ ಭಾರ ಹೊತ್ತ ಗೋಡೆಯೇ ಎಂದು ಬಲ್ಲ ಎಂಜಿನಿಯರರನ್ನು ಕೇಳದೆ ಸುತ್ತಿಗೆ ಎತ್ತಬೇಡಿ. ಹೆಂಚಿನ ಮನೆಗಳಲ್ಲಿ ಬಹುಮಟ್ಟಿಗೆ ಗೋಡೆಯೇ ಭಾರ ಹೊರುವುದು. ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ: ಮನೆಯ ಯಜಮಾನರು ಅರ್ಧ ಗಂಟೆ ಒಲೆಯ ಮುಂದೆ ನಿಂತು, ಅಲ್ಲಿಂದ ಏನೇನು ಕಾಣುತ್ತದೆಂದು ನೋಡಲಿ.

ನಾನೂ ನನ್ನ ಜಗಲಿಯ ಎರಡು ಬದಿಯ ಗಾಜನ್ನು ತೆಗೆಸಿದೆ. ಊಟದ ಮೇಜು ಹಜಾರದ ಗೋಡೆಗೆ ಮಡಚಿಕೊಂಡಿತು. ಅಡಿಗೆಮನೆಗೆ ಕಿಟಕಿ ಬಂದಿತು. ಖರ್ಚು ಎರಡು ಸಲ ಆಯಿತೆಂಬುದನ್ನು ನನ್ನಾಕೆ ಆಗಾಗ ನೆನಪಿಸುವುದುಂಟು.

ಒಂದು ಹಲಗೆಯ ಕಥೆ

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬಾಲ್ಯ ಕಳೆದ ‘ಸನ್ನಿಸೈಡ್’ ಮನೆಯಿದೆ. ಬಹುಕಾಲ ಸರ್ಕಾರಿ ಕಚೇರಿಯಾಗಿದ್ದ ಅದು 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ದೊಡ್ಡವರ ಮನೆಗಳಿಗೆ ಹೀಗೊಂದು ಮರುಹುಟ್ಟು ದೊರೆಯುತ್ತದೆ. ಹೆಸರಿಲ್ಲದವರ ಮನೆಗಳ ಗತಿಯೇನು?

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮನೆಗಳೂ ತೋಟಗಳೂ ಮಣ್ಣಿನಡಿಯಾದವು. ನೆಲೆ ಕಳೆದುಕೊಂಡವರಿಗಾಗಿ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಹೊಸ ಮನೆಗಳು ಎದ್ದವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕುಟುಂಬ ಈಗ ಇರುವುದು ಅಂಥದೊಂದು ಮನೆಯಲ್ಲಿ. ಕಳೆದ ವರ್ಷ ಅಲ್ಲಿಗೆ ಹೋಗಿದ್ದೆ. ಮುಂದಿನ ಚಿಕ್ಕ ಕೋಣೆಯ ಒಂದು ಗೋಡೆಯುದ್ದಕ್ಕೂ ಹಳೆಯ ಮರದ ಹಲಗೆಯೊಂದನ್ನು ಇಟ್ಟಿಗೆಯ ಕಾಲುಗಳ ಮೇಲೆ ಇಟ್ಟಿದ್ದರು. ಕುಸಿದ ಮನೆಯ ಜಗಲಿಯ ಹಲಗೆ ಅದು. ಮಣ್ಣಿನಿಂದ ತೆಗೆದುಕೊಂಡು ಬಂದ ಕೆಲವೇ ವಸ್ತುಗಳಲ್ಲಿ ಒಂದು. ಒಂದು ತುದಿಯಲ್ಲಿ ಸೀಳಿದ್ದಿತು. “ಇಷ್ಟು ಸಣ್ಣ ಮನೆಗೆ ಇಷ್ಟುದ್ದದ ಹಲಗೆ ಯಾಕೆ ಅಂತ ನಾವೇ ಬೇಡ ಅಂದಿದ್ದೆವು ಸಾರ್” ಎಂದ ಹುಡುಗ.

ಅವನ ತಂದೆ ಏನೂ ಹೇಳಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಹಲಗೆಯನ್ನೊಮ್ಮೆ ಒರೆಸಿ, “ಕೂತ್ಕೊಳ್ಳಿ ಮೇಷ್ಟ್ರೇ” ಎಂದರು. ಕುಳಿತೆ. ಅವರೂ ಕುಳಿತರು. ಅಷ್ಟರಲ್ಲಿ ಪಕ್ಕದ ಮನೆಯವರಿಬ್ಬರು ಮಾತು ಕೇಳಿ ಬಂದರು. ನಾವು ಸರಿದು ಜಾಗ ಮಾಡಿದೆವು. ಒಳಗಿನಿಂದ ಕಾಫಿ ಬಂದಿತು. ಆ ಹಲಗೆಯ ಮೇಲೆ ಇನ್ನೊಬ್ಬರಿಗೆ ಜಾಗ ಉಳಿದಿದ್ದಿತು. ಕಾಫಿ ತಂದ ತಾಯಿಯನ್ನೂ ನಾವು ಅಲ್ಲಿಯೇ ಕೂರಿಸಿದೆವು.