‘ಉಝುಮಾಕಿ’: ಸುರುಳಿಯ ಸುತ್ತ ಹಬ್ಬಿದ ತಪ್ಪು ಕಲ್ಪನೆಗಳು

ಜಪಾನಿನ ಜುಂಜಿ ಇಟೋ ಬರೆದು ಚಿತ್ರಿಸಿದ ‘ಉಝುಮಾಕಿ’ ಭಯಾನಕ ಕಾಮಿಕ್ಸ್‌ಗಳಲ್ಲಿ ದೊಡ್ಡ ಹೆಸರು. ಕುರೊವುಝು ಎಂಬ ಕಡಲತಡಿಯ ಊರನ್ನು ಸುರುಳಿಯಾಕಾರ ಆವರಿಸಿಕೊಳ್ಳುವುದೇ ಕಥೆ. ಪುಸ್ತಕ ಬಿಚ್ಚುವ ಮೊದಲೇ ನಾವು ಒಂದಿಷ್ಟು ತೀರ್ಪು ಕೊಟ್ಟುಬಿಟ್ಟಿರುತ್ತೇವೆ.

ತಪ್ಪು ಕಲ್ಪನೆ: ಕಾಮಿಕ್ಸ್ ಎಂದರೆ ಮಕ್ಕಳ ಓದು.

ವಾಸ್ತವ: ಇದು 1998–99ರಲ್ಲಿ ಕಂತುಗಳಾಗಿ ಬಂದದ್ದು ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ವಾರಪತ್ರಿಕೆಯಲ್ಲಿ. ಅದರ ಓದುಗರು ವಯಸ್ಕರು. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ತಪ್ಪು ಕಲ್ಪನೆ: ಹೆದರಿಸುವ ಕಥೆಯಲ್ಲಿ ದೆವ್ವವಿರಬೇಕು, ಅದಕ್ಕೊಂದು ಸೇಡೂ ಇರಬೇಕು.

ವಾಸ್ತವ: ನಮ್ಮ ದೆವ್ವಗಳಿಗೆ ಮಾತು ಅರ್ಥವಾಗುತ್ತದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು ಅದನ್ನೇ ನಂಬಿದ್ದರು: ಬಾಗಿಲಿಗೆ ಬಂದ ಹೆಣ್ಣುದೆವ್ವ ಓದುತ್ತದೆ, ಹಿಂದಿರುಗುತ್ತದೆ. ಕುರೊವುಝುವಿನಲ್ಲಿ ಹಾಗೆ ಬೇಡಿಕೊಳ್ಳಲು ಯಾರೂ ಇಲ್ಲ. ಸುರುಳಿಗೆ ಸಿಟ್ಟಿಲ್ಲ, ಹರಕೆ ಬೇಕಿಲ್ಲ, ಮನುಷ್ಯರ ಗೊಡವೆಯೇ ಇಲ್ಲ. ಅದಕ್ಕೆ ಹೆದರಿದ ತಾಯಿಯೊಬ್ಬಳು ಬೆರಳ ತುದಿಯ ಸುರುಳಿಗೆರೆಗಳನ್ನೇ ಕತ್ತರಿಸಿಕೊಳ್ಳುತ್ತಾಳೆ. ಆದರೆ ಕಿವಿಯೊಳಗಿನ ಕಾಕ್ಲಿಯ? ಸುಮಾರು ಎರಡೂವರೆ ಸುತ್ತಿನ ಆ ಸುರುಳಿ ನಮ್ಮೆಲ್ಲರಲ್ಲೂ ಇದೆ. ಓಡಿಹೋಗುವುದಾದರೂ ಎಲ್ಲಿಗೆ? ಇಟೋ ಮೇಲೆ ಪ್ರಭಾವ ಬೀರಿದ ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ (1890–1937) ಕಥೆಗಳ ಭಯವೂ ಇದೇ ಜಾತಿಯದು: ವಿಶ್ವಕ್ಕೆ ನಮ್ಮ ಮೇಲೆ ದ್ವೇಷವಿಲ್ಲ, ನಾವು ಅದರ ಲೆಕ್ಕದಲ್ಲೇ ಇಲ್ಲ.

ತಪ್ಪು ಕಲ್ಪನೆ: ಕೊನೆಗೂ ಕಾರಣ ಹೇಳದ ಕಥೆ ಅರೆಬೆಂದದ್ದು.

ವಾಸ್ತವ: ಊರಿನ ಅಡಿಯಲ್ಲಿ ಏನಿದೆ ಎಂಬುದು ಕಾಣಿಸುತ್ತದೆ. ಯಾರು ಕಟ್ಟಿದರು, ಯಾಕೆ ಎಂಬುದಷ್ಟೇ ಇಲ್ಲ. ಕಾರಣ ಸಿಕ್ಕಿದ್ದರೆ ಪರಿಹಾರವನ್ನೂ ಹುಡುಕುತ್ತಿದ್ದೆವು, ಭಯ ಅಲ್ಲಿಗೇ ಮುಗಿಯುತ್ತಿತ್ತು.

ತಪ್ಪು ಕಲ್ಪನೆ: ಇಂಥದ್ದನ್ನು ಓದಿದರೆ ಮನಸ್ಸು ಕೆಡುತ್ತದೆ, ಮನೆಯಲ್ಲಿಟ್ಟರೆ ಅಪಶಕುನ.

ವಾಸ್ತವ: ಮೊದಲ ಮಾತನ್ನು ಹಬ್ಬಿಸಿದವರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಮುಖ್ಯರು. 1954ರಲ್ಲಿ ಅವರ ಪುಸ್ತಕ ಎಬ್ಬಿಸಿದ ಗದ್ದಲಕ್ಕೆ ಪ್ರಕಾಶಕರು ತಾವೇ ನಿಯಮಾವಳಿ ಹಾಕಿಕೊಂಡರು, ಭಯಾನಕ ಕಾಮಿಕ್ಸ್ ಅಲ್ಲಿ ನೆಲಕಚ್ಚಿತು. ವರ್ಥಮ್ ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಸಂಶೋಧಕಿ ಕ್ಯಾರಲ್ ಟಿಲಿ, ಪುಸ್ತಕದಲ್ಲಿನ ಮಕ್ಕಳ ಹೇಳಿಕೆಗಳನ್ನು ಅವರು ತಿರುಚಿದ್ದರೆಂದು 2012ರಲ್ಲಿ ತೋರಿಸಿದರು. ಅರವತ್ತು ವರ್ಷದ ಹತ್ತಿರ ಆ ಮಾತು ನಡೆಯಿತಲ್ಲ!

ಅಪಶಕುನದ ಮಾತಿಗೂ ಒಂದು ಬೇರಿದೆ. ಓದಿದ ರಾತ್ರಿ ಸೊಳ್ಳೆಬತ್ತಿ, ಚಕ್ಕುಲಿ, ಬಚ್ಚಲಲ್ಲಿ ಸುತ್ತುವ ನೀರು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಅವು ಹೊಸದಾಗಿ ಬಂದವಲ್ಲ. ಹುಡುಕಲು ಕಲಿತ ಕಣ್ಣಿಗೆ ಕಾಣತೊಡಗಿವೆ, ಅಷ್ಟೇ. ಕೆಲವು ದಿನಕ್ಕೆ ಮರೆಯಾಗುತ್ತವೆ.

ತಪ್ಪು ಕಲ್ಪನೆ: ಇಷ್ಟು ವಿಕಾರ ಬರೆಯುವವನ ತಲೆಯೇ ಸರಿಯಿಲ್ಲ.

ವಾಸ್ತವ: ಇಟೋ ಮೊದಲು ಕೃತಕ ದಂತ ತಯಾರಿಸುವ ತಂತ್ರಜ್ಞರಾಗಿದ್ದರು. ತಮ್ಮ ಮನೆಯ ಬೆಕ್ಕುಗಳ ಬಗ್ಗೆ ನಗೆಕಾಮಿಕ್ಸ್ ಕೂಡ ಬರೆದಿದ್ದಾರೆ.

ತಪ್ಪು ಕಲ್ಪನೆ: ಸಿನಿಮಾ ನೋಡಿದರೆ ಸಾಕು.

ವಾಸ್ತವ: 2000ದ ಚಲನಚಿತ್ರ ತಯಾರಾದದ್ದು ಕಾಮಿಕ್ಸ್ ಮುಗಿಯುವ ಮುನ್ನ, ಹಾಗಾಗಿ ಅದರ ಕೊನೆಯೇ ಬೇರೆ. 2024ರ ನಾಲ್ಕು ಕಂತುಗಳ ಅನಿಮೇಷನ್ ಕಪ್ಪು–ಬಿಳುಪನ್ನು ಉಳಿಸಿಕೊಂಡಿದೆ, ಆದರೆ ಅದರ ವೇಗ ನಮ್ಮ ಕೈಯಲ್ಲಿಲ್ಲ. ಪುಸ್ತಕದಲ್ಲಾದರೆ ಇಟೋ ದೊಡ್ಡ ಚಿತ್ರವನ್ನು ಹಾಳೆಯ ಹಿಂಬದಿಗೆ ಇಡುತ್ತಾರೆ. ಮಗುಚಬೇಕೋ ಬೇಡವೋ ಎಂದು ಓದುಗರೇ ತೀರ್ಮಾನಿಸಬೇಕು. ಅಂದಹಾಗೆ, ಪುಟಗಳು ಸಾಗುವುದು ಬಲದಿಂದ ಎಡಕ್ಕೆ.